ಬೆಂಚಿನ ಮೇಲೂ ಬೆನ್ನು ನೆಟ್ಟಗೆ

ಯಾರನ್ನೂ ನಗಿಸುವ ಉದ್ದೇಶ ನನಗೆ ಎಂದೂ ಇದ್ದದ್ದಲ್ಲ. ಕಟ್ಟುನಿಟ್ಟಿನ ಇಂಗ್ಲಿಷ್ ಶಾಲೆಯಲ್ಲಿ ಕಲಿತವನು ನಾನು; ಇಸ್ತ್ರಿ ಇಲ್ಲದ ಅಂಗಿ ತೊಟ್ಟು ಹಾಲು ತರಲಿಕ್ಕೂ ಹೋಗುವವನಲ್ಲ. ಆದರೆ ಯಾರ ಮುಖದಲ್ಲಿ ನಗು ಕಡಿಮೆಯೋ ಅವರ ಮನೆಯ ವಿಳಾಸ ಕೇಳಿಕೊಂಡೇ ಇಂಥ ಪ್ರಸಂಗಗಳು ಬರುತ್ತವೆ. ಹೈದರಾಬಾದಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ಟೆಸ್ಟಿಂಗ್ ಕೆಲಸ. ಅಂದರೆ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಕೊಡುವುದು. ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲ ಅದು. ನಡುವೆ ಒಮ್ಮೆ ಅಮೆರಿಕದ ಗ್ರಾಹಕರು ಇದ್ದಕ್ಕಿದ್ದಂತೆ ಕೈ ಎತ್ತಿಬಿಟ್ಟರು. ಇವೆಲ್ಲ ಆಗ ನಡೆದವು.

೧. ಐದಕ್ಕೆ ಎಷ್ಟು?

ವರ್ಷಕ್ಕೊಮ್ಮೆ ಮ್ಯಾನೇಜರು ಒಬ್ಬೊಬ್ಬರನ್ನೇ ಕರೆದು, ನಿಮ್ಮ ಕೆಲಸಕ್ಕೆ ನೀವೇ ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಕೇಳುತ್ತಿದ್ದರು. ನಾನು ಭಾನುವಾರವಿಡೀ ಯೋಚಿಸಿ, ಆ ವರ್ಷ ನನ್ನ ಕಣ್ಣು ತಪ್ಪಿಸಿಕೊಂಡು ಹೋದ ದೋಷಗಳನ್ನೆಲ್ಲ ನೆನಪಿಸಿಕೊಂಡು, ಮೂರು ಎಂದೆ. ಮ್ಯಾನೇಜರು ತೆಲುಗಿನವರು, ನನಗಿಂತ ಚಿಕ್ಕವರು, ಒಳ್ಳೆಯ ಮನುಷ್ಯ. ತಲೆ ಮೇಲೆ ಕೈ ಇಟ್ಟುಕೊಂಡರು.

"ಸರ್, ಎಲ್ಲರೂ ಐದು ಅಂತಾರೆ. ನಾನು ಎರಡು ಕಳೆದು ಮೂರು ಮಾಡ್ತೀನಿ. ಅದೇ ಇಲ್ಲಿಯ ಪದ್ಧತಿ. ನೀವೇ ಮೂರು ಅಂದರೆ ನಾನು ಏನು ಕಳೆಯಲಿ?"

ಪದ್ಧತಿ ಎಂದ ಮೇಲೆ ಎಲ್ಲರಿಗೂ ಒಂದೇ ಇರಬೇಕು, ಕಳೆಯಿರಿ ಎಂದೆ. ಅವರು ಬೇಡ ಸರ್ ಎಂದರು. ನಾನು ನ್ಯಾಯ, ಸಮಾನತೆ ಎಂದೆಲ್ಲ ವಿವರಿಸಿದೆ. ಕೊನೆಗೆ ಕಳೆದರು. ಗ್ರಾಹಕರು ಕೈ ಎತ್ತಿದಾಗ ಹಲವರ ಪ್ರಾಜೆಕ್ಟ್ ಕೈತಪ್ಪಿತು; ಒಂದೇ ಅಂಕದವನಾದ ನನ್ನದೂ ಕೈತಪ್ಪಿತು. ವಾದದಲ್ಲಿ ಮ್ಯಾನೇಜರನ್ನು ಸೋಲಿಸಿ ತನ್ನ ಕುರ್ಚಿ ತಾನೇ ಕಳೆದುಕೊಂಡವನು ಇಡೀ ಕಂಪನಿಯಲ್ಲಿ ನಾನೊಬ್ಬನೇ.

೨. ಮೊದಲ ಸಾಲು

ಪ್ರಾಜೆಕ್ಟ್ ಇಲ್ಲದವರನ್ನು ಉಪ್ಪಲ್ ಆಫೀಸಿನ ಒಂದು ಹಾಲಿನಲ್ಲಿ ಕೂರಿಸುತ್ತಿದ್ದರು. ಅದಕ್ಕೆ ಬೆಂಚ್ ಎಂದು ಹೆಸರು. ಕೆಲಸ ಇಲ್ಲ, ಸಂಬಳ ಇದೆ. ಆದರೆ ದೀಪಾವಳಿಯೊಳಗೆ ಯಾವುದಾದರೂ ಪ್ರಾಜೆಕ್ಟಿನವರು ಕರೆಯದಿದ್ದರೆ ರಾಜೀನಾಮೆ ಬರೆದು ಹೊರಡಬೇಕು.

ಹಾಲಿನಲ್ಲಿ ಬೆಂಗಳೂರು, ಮಂಗಳೂರಿನ ಹುಡುಗ ಹುಡುಗಿಯರು ಅಂತ್ಯಾಕ್ಷರಿ ಹಾಡುತ್ತಿದ್ದರು. ಹಾಡಲು ಬಾರದವರು ಮಲಗಿದ್ದರು. ನಾನು ಟೈ ಕಟ್ಟಿಕೊಂಡು ಸರಿಯಾಗಿ ಒಂಬತ್ತಕ್ಕೆ ಹೋಗಿ ಖಾಲಿಯಿದ್ದ ಮೊದಲ ಸಾಲಿನಲ್ಲಿ ಕುಳಿತು ಪುಸ್ತಕ ತೆರೆದೆ. ಕೆಲಸವನ್ನು ಕಂಪನಿ ಕಿತ್ತುಕೊಳ್ಳಬಹುದು. ಒಂಬತ್ತು ಗಂಟೆಯನ್ನು ಕಿತ್ತುಕೊಳ್ಳಲಾರದು ಎಂಬುದು ನನ್ನ ಲೆಕ್ಕ.

ಹಾಡು ನಿಂತಿತು. ನಿದ್ದೆಯಲ್ಲಿದ್ದವರನ್ನು ಪಕ್ಕದವರು ತಿವಿದು ಎಬ್ಬಿಸಿದರು. ನನ್ನನ್ನು ಎಚ್‌ಆರ್‌ನವರು ಕಣ್ಣಿಡಲು ಕಳಿಸಿದ್ದಾರೆ ಎಂದು ಅವರ ನಂಬಿಕೆ. ಕೆಲವೇ ದಿನಗಳಲ್ಲಿ ಎಲ್ಲರೂ ಪುಸ್ತಕ ಹಿಡಿದಿದ್ದರು. ಹಾಲಿಗೆ ಬಂದ ಎಚ್‌ಆರ್ ಮೇಡಂಗೂ ಅಂಥದೇ ಭ್ರಮೆ. ಹೆಡ್ ಆಫೀಸಿನಿಂದ ಬಂದವನೆಂದುಕೊಂಡು ನನ್ನ ಹತ್ತಿರ ಬಗ್ಗಿ, ಇವರಲ್ಲಿ ಯಾರನ್ನು ಉಳಿಸಿಕೊಳ್ಳುವುದು ಒಳ್ಳೆಯದು ಸರ್ ಎಂದು ಕೇಳಿದರು.

"ಮೊದಲ ಸಾಲಿನವನನ್ನು" ಎಂದೆ.

ಆಕೆ ಮೊದಲ ಸಾಲಿನಲ್ಲಿ ಬಹಳ ಹೊತ್ತು ಹುಡುಕಿದರು.

೩. ಕನ್ನಡಿ ವರ್ಕ್‌ಶಾಪ್

ನಮ್ಮ ಆತ್ಮವಿಶ್ವಾಸ ಕುಸಿದಿದೆ ಎಂದು ಕಂಪನಿಯೇ ತೀರ್ಮಾನಿಸಿ ಒಬ್ಬ ಟ್ರೇನರನ್ನು ಕರೆಸಿತು. ಅವರು ಬೇಗಂ ಬಜಾರಿನಿಂದ ಗುಲಾಬಿ ಚೌಕಟ್ಟಿನ ಪುಟ್ಟ ಕನ್ನಡಿಗಳನ್ನು ಡಜನ್‌ಗಟ್ಟಲೆ ತಂದಿದ್ದರು. ಎಲ್ಲರೂ ಕನ್ನಡಿ ನೋಡಿಕೊಂಡು "ನಾನು ಅದ್ಭುತ" ಎನ್ನಬೇಕು.

ನಾನು ಕೈ ಎತ್ತಿದೆ. ಯಾವ ವಿಷಯದಲ್ಲಿ ಅದ್ಭುತ, ಯಾರಿಗೆ ಹೋಲಿಸಿದರೆ, ಪರೀಕ್ಷಿಸಿದವರು ಯಾರು ಎಂದು ಕೇಳಿದೆ. ಸುಮ್ಮನೆ ಹೇಳಿ ಸರ್ ಎಂದರು. ಪರೀಕ್ಷೆ ಮಾಡದ್ದನ್ನು ನಾನು ಪಾಸು ಮಾಡುವುದಿಲ್ಲ ಎಂದೆ. ಬೇಕಿದ್ದರೆ "ನಾನು ಹೊತ್ತಿಗೆ ಸರಿಯಾಗಿ ಬರುತ್ತೇನೆ" ಎನ್ನಬಲ್ಲೆ, ಅದು ನಿಜ. ಹಾಗೆ ಹೇಳಿಯೂ ಬಿಟ್ಟೆ, ಕನ್ನಡಿಗೆ.

ಹಾಲಿನಲ್ಲಿದ್ದವರಿಗೆ ಅದು ಹಿಡಿಸಿತು. ಒಬ್ಬ ಎದ್ದು, ನಾನು ಚಿತ್ರಾನ್ನ ಚೆನ್ನಾಗಿ ಕಲಸ್ತೀನಿ ಎಂದ. ಒಬ್ಬಳು, ಆಟೋದವರ ಜೊತೆ ತೆಲುಗು, ಹಿಂದಿ ಎರಡರಲ್ಲೂ ಜಗಳ ಆಡ್ತೀನಿ ಎಂದಳು. ಚಪ್ಪಾಳೆಯೋ ಚಪ್ಪಾಳೆ. ತಿಂಗಳುಗಟ್ಟಲೆ ತಲೆ ತಗ್ಗಿಸಿಕೊಂಡಿದ್ದವರೆಲ್ಲ ತಮ್ಮ ಬಗ್ಗೆ ಒಂದೊಂದು ನಿಜ ಹುಡುಕಿಕೊಂಡು ಕತ್ತು ಎತ್ತಿದರು. ಟ್ರೇನರು ಮಾತ್ರ ಕನ್ನಡಿ ನೋಡಿಕೊಳ್ಳುತ್ತಿದ್ದರು. ಕ್ಲಾಸು ಮುಗಿದ ಮೇಲೆ ಬಾಗಿಲ ಬಳಿ ನನ್ನನ್ನು ತಡೆದು ಮೆಲ್ಲಗೆ ಕೇಳಿದರು:

"ಸರ್, ಇದರ ನಂತರ ನನಗೆ ಬೇರೆ ಕ್ಲಾಸು ಇಲ್ಲ. ನಿಮ್ಮ ಬೆಂಚಿಗೆ ಹೊರಗಿನವರನ್ನ ಸೇರಿಸ್ಕೋತಾರಾ?"

೪. ಕುಂದ್ರೋ ಕೆಲಸ

ನಾಚಾರಂನಲ್ಲಿ ನಮ್ಮ ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಮೇಸ್ತ್ರಿ ಯಾದಗಿರಿ ಕಡೆಯವನು. ನಾನು ಸಪ್ಪಗೆ ಬರುವುದನ್ನು ಕಂಡು, ಯಾಕ್ರಿ ಸಾಹೇಬ್ರ ಎಂದ. ಬೆಂಚಿನ ವಿಷಯ ಮುಚ್ಚಿಡದೆ ಹೇಳಿದೆ. ಕೆಲಸ ಕೊಡುವುದಿಲ್ಲ, ಬೆಳಗಿನಿಂದ ಸಂಜೆವರೆಗೆ ತಂಪಾದ ಹಾಲಿನಲ್ಲಿ ಕೂರಿಸುತ್ತಾರೆ, ಸಂಬಳ ಕೊಡುತ್ತಾರೆ, ಭಾಳ ಅವಮಾನ ಎಂದೆ. ಅವನು ಅವಮಾನ ಎಲ್ಲಿದೆ ಎಂದು ನನ್ನ ಮುಖದಲ್ಲಿ ಹುಡುಕಿದ.

ಮರುದಿನ ಬೆಳಿಗ್ಗೆ, ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದಿದ್ದ ತನ್ನ ಹೆಂಡತಿಯ ಅಣ್ಣನನ್ನು ಕರೆತಂದು ನನ್ನ ಮುಂದೆ ನಿಲ್ಲಿಸಿದ.

"ನಿಮ್ಮ ಕಂಪನ್ಯಾಗ ಇಂವಂಗೂ ಹಚ್ಚಿ ಕೊಡ್ರಿ ಸಾಹೇಬ್ರ. ಕುಂದ್ರೂದ್ರಾಗ ಇಂವಂಗ ಸಣ್ಣಾಂವ ಇದ್ದಾಗಿಂದ ಅನುಭವ ಐತ್ರಿ."

೫. ಅಡುಗೆಮನೆಯ ಫೋನು

ದೀಪಾವಳಿ ಹತ್ತಿರ ಬಂತು. ಕರೆದ ಪ್ರಾಜೆಕ್ಟುಗಳೆಲ್ಲ ನನ್ನ ಆ ಒಂದು ಅಂಕ ನೋಡಿ ಹಿಂದೆ ಸರಿದಿದ್ದವು. ಉಳಿದದ್ದು ಬೆಂಗಳೂರು ಶಾಖೆಯ ಒಂದೇ ಒಂದು. ಶನಿವಾರ ಸಂಜೆ ಮನೆಗೆ ಫೋನ್ ಮಾಡಿ ಸಂದರ್ಶನ ಮಾಡುತ್ತೇವೆ ಎಂದರು.

ನಮ್ಮ ಮನೆಯಲ್ಲಿ ಒಂದೇ ಲೈನಿಗೆ ಎರಡು ಫೋನು, ಹಜಾರದಲ್ಲೊಂದು, ಅಡುಗೆಮನೆಯಲ್ಲೊಂದು. ನನ್ನ ಹೆಂಡತಿ ಕಲಬುರಗಿಯವಳು. ಸಂಕೋಚ ಅವಳ ಊರಿನಲ್ಲಿ ಸಿಗುವ ಪದಾರ್ಥವಲ್ಲ. ನೀವು ನಿಮ್ಮ ಬಗ್ಗೆ ಕೆಟ್ಟದ್ದು ಹೇಳೂದ್ರಾಗ ಭಾಳ ಚುರುಕು ಅದೀರಿ, ನಾ ಆ ಕಡೆ ಫೋನಿನ್ಯಾಗ ಕೇಳಕೋತ ಇರ್ತೀನಿ, ಬಾಯಿ ಬಿಡಂಗಿಲ್ಲ ಎಂದಳು.

ಅರ್ಧ ಗಂಟೆ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಆ ಕಡೆಯವರು ಕೇಳಿದರು: ನಿಮ್ಮ ದೌರ್ಬಲ್ಯ ಯಾವುದು?

ಇಂಥ ಪ್ರಶ್ನೆಗೆ ಅವಸರದ ಉತ್ತರ ಸಲ್ಲದು. ನಾನು ಒಂದೊಂದನ್ನೇ ತೂಗಿ ನೋಡುತ್ತಿದ್ದೆ. ಆ ಮೌನವನ್ನು ಅಡುಗೆಮನೆ ಸಹಿಸಲಿಲ್ಲ.

"ನಾ ಹೇಳ್ತೀನ್ರಿ. ಗ್ಯಾಸ್ ಬಂದ್ ಮಾಡಿದ್ ಮ್ಯಾಲೂ ಹೋಗಿ ಹೋಗಿ ನೋಡ್ತಾರ. ಇಸ್ತ್ರಿ ಮಾಡಿದ ಅಂಗಿ ಬೆಳಕಿಗೆ ಹಿಡದು ಗೆರಿ ಹುಡುಕ್ತಾರ. ನಮ್ಮ ತಮ್ಮನ ಮದುವ್ಯಾಗ ಪಂಕ್ತಿ ಕೂಡೂಕಿಂತ ಮೊದಲ ಅಡಿಗಿಯವರ ಹತ್ರ ಹೋಗಿ ಸಾರಿಗೆ ಉಪ್ಪು ಕಡಿಮಿ ಅಂತ ಹೇಳಿ ಬಂದಾರ. ಭಾಳ ಛಲೋ ಆಗೇತಿ ಅನ್ನೂ ಮಾತು ಇವರ ಬಾಯಾಗ ನಾ ಇನ್ನೂ ಕೇಳಿಲ್ರಿ. ಆದ್ರ ಇವರು ಒಮ್ಮೆ ನೋಡಿ ಸರಿ ಐತಿ ಅಂದ್ರ, ಮತ್ತೊಬ್ರು ನೋಡೂದು ಬ್ಯಾಡ."

ಕೆಲಸ ಹೋಯಿತೆಂಬುದರಲ್ಲಿ ಅನುಮಾನವಿರಲಿಲ್ಲ. ಮನಸ್ಸಿನಲ್ಲೇ ರಾಜೀನಾಮೆಯ ಮೊದಲ ಸಾಲು ಜೋಡಿಸತೊಡಗಿದ್ದೆ. ಆ ಕಡೆ ಒಬ್ಬರು ನಕ್ಕರು. ಆಮೇಲೆ ಒಂದು ಕೋಣೆಯಷ್ಟು ಜನ ನಕ್ಕರು. ಸ್ಪೀಕರ್ ಹಾಕಿಕೊಂಡಿದ್ದರು ಎಂದು ಆಗ ತಿಳಿಯಿತು.

ನಗು ಇಳಿದ ಮೇಲೆ ಹಿರಿಯರೊಬ್ಬರು ಹೇಳಿದರು, ನಮಗೆ ಬೇಕಾದ ಟೆಸ್ಟರು ಇಂಥವರೇ, ಸೋಮವಾರದಿಂದ ಶುರು ಮಾಡಿ. ಮತ್ತೆ ಕೇಳಿದರು:

"ಆದರೆ ನಿಮ್ಮನ್ನೇ ಇಷ್ಟು ಚೆನ್ನಾಗಿ ಟೆಸ್ಟ್ ಮಾಡಿದಾರಲ್ಲ, ಆ ಮೇಡಂಗೆ ಬಿಡುವಿದೆಯಾ ಸರ್?"

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಉತ್ತರ ಹೋಯಿತು.

"ಬಿಡುವಿಲ್ರಿ. ಮದುವಿ ಆದಾಗಿಂದ ಇದೊಂದ ಪ್ರಾಜೆಕ್ಟ್ ಹಿಡದೀನಿ, ಇನ್ನೂ ಟೆಸ್ಟಿಂಗ್ ನಡದೈತಿ."