ಜಿಪ್ಸಿ ತೊಳೆದ ಭಾನುವಾರ

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಮೃತ್ಯುಂಜಯ ತನ್ನ ಜಿಪ್ಸಿ ತೊಳೆದ.

ಬೇರೆ ಊರಿನಲ್ಲಿ ಇದು ಸುದ್ದಿಯಾಗುತ್ತಿರಲಿಲ್ಲ. ಬಾಳ್ಳುಪೇಟೆಯ ಹೆದ್ದಾರಿಯಿಂದ ಏಳು ಕಿಲೋಮೀಟರ್ ಒಳಗಿರುವ ಈ ಇಪ್ಪತ್ತೆರಡು ಮನೆಗಳ ಊರಿನಲ್ಲಿ ಗಾಡಿ ತೊಳೆಯುವುದು ವರ್ಷಕ್ಕೊಂದೇ ಸಲ, ಆಯುಧಪೂಜೆಗೆ. ಅದಕ್ಕೆ ಇನ್ನೂ ಏಳು ತಿಂಗಳಿತ್ತು. ಮಾರ್ಚ್ ತಿಂಗಳಲ್ಲಿ ಗಾಡಿಗೆ ನೀರು ಬಿತ್ತೆಂದರೆ ಅದು ಮಾರಾಟಕ್ಕೆ ಹೊರಟಿದೆ ಎಂದೇ ಲೆಕ್ಕ. ಎರಡನೇ ಬಕೆಟ್ಟು ಖಾಲಿಯಾಗುವ ಮೊದಲೇ ಬೇಲಿಯ ಮೇಲೆ ಮೂರು ತಲೆ ಕಾಣಿಸಿಕೊಂಡು ಮಾಯವಾದವು.

"ಚಕ್ರದ ಒಳಗಡೇನೂ ತೊಳೀರಿ. ಹೋದ ಮಳೆಗಾಲದ ಕೆಸರು ಹಂಗೇ ಐತೆ" ಎಂದು ಕಿಟಕಿಯಿಂದ ಹೆಂಡತಿ ಮಾನಸಾ ಹೇಳಿದಳು.

ಮಾನಸಾ, ಕೆ. ಹೊಸಕೋಟೆ ಎಂಬ ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಹನ್ನೊಂದು ವರ್ಷದಿಂದ ಏಳೂವರೆಯ ಬಸ್ಸಿಗೆ ನಿಂತುಕೊಂಡೇ ಹೋಗುತ್ತಿದ್ದಳು. ಕಾರು ಓಡಿಸಲು ಕಲಿತು, ಲೈಸೆನ್ಸ್ ಪಡೆದು ಮೂರು ವರ್ಷವಾಗಿತ್ತು. ಜಿಪ್ಸಿಯನ್ನು ಅವಳು ಓಡಿಸಿದ್ದು ಎರಡೇ ಸಲ. ಎರಡನೇ ಸಲ ಆ ಬಿಗಿ ಸ್ಟೇರಿಂಗ್ ತಿರುಗಿಸಿ ಕೆಳಗಿಳಿದವಳು ತೋಳುನೋವಿಗೆ ಎರಡು ದಿನ ಬೋರ್ಡಿನ ಮೇಲೆ ಬರೆಯಲಾಗದೆ, ಲೆಕ್ಕವನ್ನೆಲ್ಲ ಬಾಯಲ್ಲೇ ಹೇಳಿದ್ದಳು. ಜಿಪ್ಸಿ ಮಾರಿ ಸಣ್ಣ ಕಾರು ತರುತ್ತೇನೆಂದು ಮೃತ್ಯುಂಜಯ ಮಾತು ಕೊಟ್ಟು ಇದು ನಾಲ್ಕನೇ ಬೇಸಿಗೆ. ಇವತ್ತು ಹತ್ತು ಗಂಟೆಗೆ ಹಾಸನದಿಂದ ಗಿರಾಕಿ ಬರುವವನಿದ್ದ. ಅವನನ್ನು ಹುಡುಕಿದ್ದು ಮೃತ್ಯುಂಜಯನಲ್ಲ, ಮಾನಸಾ.

"ಇವತ್ತು ಮಾರ್ತೀರಿ ತಾನೆ?"

"ಮಾರ್ದೆ ಇನ್ನೇನು ಮಾಡ್ಲಿ?" ಎಂದ ಮೃತ್ಯುಂಜಯ, ಬಾನೆಟ್ಟಿನ ಮೇಲೆ ಬಟ್ಟೆಯಾಡಿಸುತ್ತ.

ಬಾಯಿ ಹಾಗೆ ಹೇಳಿತು. ಕೈ ಬೇರೆಯದನ್ನೇ ಹೇಳುತ್ತಿತ್ತು. ತೊಟ್ಟಿಲ ಮಗುವಿಗೆ ಎಣ್ಣೆ ಹಚ್ಚುವ ಹಾಗೆ ಅದು ಒರೆಸುತ್ತಿತ್ತು. ಮಂಜು ಅಂಗಳಕ್ಕೆ ಇಳಿದು ಗಾಡಿಯ ಅಂಚುಗಳನ್ನು ಅಳಿಸಿಹಾಕಿತ್ತು. ಆ ಮಂಜಿನೊಳಗೆ ನಿಂತರೆ ಮೃತ್ಯುಂಜಯನಿಗೆ ಯಾವಾಗಲೂ ಜಪಾನು ಕಾಣುತ್ತದೆ. ಅವನು ಜಪಾನಿಗೆ ಹೋದವನಲ್ಲ, ಮಂಗಳೂರು ದಾಟಿದವನೂ ಅಲ್ಲ. ಆದರೆ ಹಮಾಮತ್ಸು ಎಂಬ ಊರಿನಲ್ಲಿ 1909ರಲ್ಲಿ ಸುಜುಕಿ ಎಂಬ ಬಡಗಿ ನೇಯ್ಗೆಯ ಮಗ್ಗ ಮಾಡಲು ಶುರುಮಾಡಿದ್ದು, 1952ರಲ್ಲಿ ಅದೇ ಕಂಪನಿ ಸೈಕಲ್ಲಿಗೆ ಎಂಜಿನ್ ಕೂರಿಸಿದ್ದು, 1955ರಲ್ಲಿ ಪುಟ್ಟ ಕಾರು ಹೊರತಂದದ್ದು, 1985ರಲ್ಲಿ ಅದರದೇ ಜಿಪ್ಸಿ ನಮ್ಮ ರಸ್ತೆಗಿಳಿದದ್ದು, ಎಲ್ಲ ಅವನ ನಾಲಗೆಯ ತುದಿಯಲ್ಲಿತ್ತು. ಮಗ್ಗದ ಲಾಳಿ ಆಚೆಗೂ ಈಚೆಗೂ ಓಡಾಡುವ ಹಾಗೆಯೇ ತನ್ನ ಗಾಡಿಯೂ ಈ ದಿಣ್ಣೆಗಳ ನಡುವೆ ಓಡಾಡಿ ಊರನ್ನು ನೇಯುತ್ತಿದೆ ಎಂದು ಅವನಿಗೆ ಅನಿಸುತ್ತಿತ್ತು. ಒಮ್ಮೆ ಇದನ್ನು ಮಾನಸಾಳಿಗೆ ಹೇಳಿದ್ದ. "ನೇಯ್ದಿದ್ದು ಸಾಕು, ಹಾಲು ತಗಂಬನ್ನಿ" ಎಂದಿದ್ದಳು.

ಎಂಟು ಗಂಟೆಗೆ ಹಾಲು ತರುವ ನೆವದಲ್ಲಿ ಅವನು ತಾಯಮ್ಮನ ಪೆಟ್ಟಿಗೆ ಅಂಗಡಿಗೆ ಹೋದ. ಪಕ್ಕದ ಮನೆಯ ಜವರಯ್ಯ ಅಲ್ಲೇ ಕೂತು ಬೀಡಿ ಸೇದುತ್ತಿದ್ದ.

"ಗಾಡಿ ತೊಳ್ದ್ಯಂತೆ?" ಎಂದ ಜವರಯ್ಯ. ಸಾವಿನ ಮನೆಗೆ ಬಂದವನ ದನಿ.

"ತೊಳ್ದೆ. ಅದಕ್ಕೇ ಬಂದೆ. ನೀವಿಬ್ರೂ ಒಂದು ಉಪಕಾರ ಮಾಡ್ಬೇಕು. ಗಿರಾಕಿನ ಈ ದಾರೀಲೇ ಟ್ರಯಲ್ಲಿಗೆ ಕರ್ಕಂಬರ್ತೀನಿ. ನೀವು ಅಡ್ಡ ಬಂದು ಗಾಡಿನ ಬಾಯಿಗೆ ಬಂದ್ಹಂಗೆ ಬೈಯ್ಬೇಕು."

"ಏನಂತ ಬೈಯ್ಯೋದು ಮಾರಾಯ? ಅದೇನು ನಮ್ಮ ಬೀಗ್ರಾ?"

"ಸ್ಟಾರ್ಟೇ ಆಗಲ್ಲ ಅನ್ನು. ದಿಣ್ಣೆ ಹತ್ತಲ್ಲ ಅನ್ನು. ಅವ್ನು ಬ್ಯಾಡ ಅಂತ ಹೋಗ್ಬುಟ್ರೆ ಸಾಕು. ನಾನು ಮಾರಲ್ಲ ಅಂದಂಗೂ ಆಗಲ್ಲ, ಗಾಡಿನೂ ಉಳೀತದೆ."

ತಾಯಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತ ಕೇಳಿದರು: "ಮಾನಸಂಗೆ ಗೊತ್ತಾ?"

"ಅಜ್ಜೀ, ನಿಮ್ಮ ಕಾಲು ಹಿಡ್ಕೊಂತೀನಿ."

"ಕಾಲು ಬುಡು, ಹಾಲು ಹಿಡಿ. ಬೈತೀವಿ ಹೋಗು."

ತಿರುವಿನಲ್ಲಿ ಹಿಂತಿರುಗಿ ನೋಡಿದಾಗ ತಾಯಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಿದ್ದರು. ಮಗಳ ಮನೆಗಿರಬೇಕು ಎಂದುಕೊಂಡು ಮೃತ್ಯುಂಜಯ ಹಗುರ ಮನಸ್ಸಿನಿಂದ ಮನೆಗೆ ನಡೆದ.

ಗಿರಾಕಿ ಹತ್ತು ಗಂಟೆ ಐದು ನಿಮಿಷಕ್ಕೆ ಬಂದ. ಹೆಸರು ರೇವಂತ್, ಮೂವತ್ತರ ಒಳಗಿನ ವಯಸ್ಸು, ಬೆಳ್ಳಗಿನ ಬೂಟು. ಬಾಗಿಲು ತೆಗೆಯದೆ, ಚಕ್ರ ಒದೆಯದೆ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಸುಮ್ಮನೆ ನಿಂತ. ಮೃತ್ಯುಂಜಯನಿಗೆ ಅಳುಕಾಯಿತು. ಗಾಡಿಯ ಹುಳುಕು ಹುಡುಕುವವನಾದರೆ ಸುಲಭವಾಗಿ ಸಾಗಹಾಕಬಹುದಿತ್ತು. ಇವನು ನೋಡುತ್ತಿದ್ದುದು ಹೆಣ್ಣು ನೋಡಲು ಬಂದವನ ಹಾಗೆ.

ಮಾನಸಾ ಕಾಫಿಯ ಜೊತೆ ಕಾಗದಗಳನ್ನೂ ತಂದಳು.

"ಓ, ಗಾಡಿ ಮೇಡಂ ಹೆಸರಲ್ಲಿದೆ" ಎಂದ ರೇವಂತ್.

"ಮದುವೆಯಾಗಿ ಹತ್ತು ವರ್ಷ ಆದಾಗ ಕಾಣಿಕೆ ಅಂತ ಕೊಟ್ರು" ಎಂದಳು ಮಾನಸಾ. "ಆವತ್ತಿಂದ ಇವ್ರೇ ಅನುಭವಿಸ್ತಾ ಅವ್ರೆ. ಟ್ರಯಲ್ ನೋಡ್ಕೊಂಬನ್ನಿ. ಡೇರಿ ಅಧ್ಯಕ್ಷರು ಶಾಂತಮಲ್ಲಪ್ಪನೋರು ಏನೋ ಮಾತಾಡ್ಬೇಕು ಅಂತ ಫೋನ್ ಮಾಡಿದ್ರು, ನಾನು ಇಲ್ಲೇ ಇರ್ತೀನಿ."

ಸ್ಟಾರ್ಟ್ ಆಗದಿದ್ದರೆ ಎಂಬ ಕೊನೆಯ ಆಸೆಯಿಂದ ಮೃತ್ಯುಂಜಯ ಕೀಲಿ ತಿರುಗಿಸಿದ. ಜಿಪ್ಸಿ ಮೊದಲ ತಿರುವಿಗೇ ಎದ್ದು ಕೂತಿತು. ಬೇರೆ ದಿನವಾಗಿದ್ದರೆ ಬೆನ್ನು ತಟ್ಟುತ್ತಿದ್ದ.

ಅಂಗಡಿಯ ಮುಂದೆ ತಾಯಮ್ಮ ರಸ್ತೆಯ ಮಧ್ಯದಲ್ಲೇ ನಿಂತಿದ್ದರು, ಕೈಯಲ್ಲಿ ಚೀಲ.

"ಯಾರಪ್ಪಾ ನೀನು, ಇದನ್ನ ತಗಳಕ್ಕೆ ಬಂದೋನು?" ಎಂದು ಶುರುಮಾಡಿದರು. "ಬ್ಯಾಡ ಕಣಪ್ಪ. ಇದ್ರಲ್ಲಿ ಕೂತ್ರೆ ಸೊಂಟ ಮೂರು ತುಂಡಾಯ್ತದೆ."

ಮೃತ್ಯುಂಜಯ ಒಳಗೊಳಗೇ ಕೈ ಮುಗಿದ. ಮರುಕ್ಷಣ ತಾಯಮ್ಮ ಹಿಂದಿನ ಬಾಗಿಲು ತೆಗೆದು, ಎಪ್ಪತ್ತೆರಡು ವರ್ಷದ ಆ ಸೊಂಟವನ್ನು ಸರಾಗವಾಗಿ ಮೇಲಕ್ಕೆ ಹಾಕಿಕೊಂಡು ಕೂತುಬಿಟ್ಟರು.

"ಅಜ್ಜೀ, ಸೊಂಟ ಹೋಗತ್ತೆ ಅಂದ್ರಿ?" ಎಂದ ರೇವಂತ್.

"ಬಸ್ಸಲ್ಲಿ ಹೋದ್ರೆ ಸೊಂಟದ ಜೊತೆ ಮಾನನೂ ಹೋಯ್ತದೆ. ಆ ಕಂಡಕ್ಟ್ರು ಕುರಿ ತುಂಬ್ದಂಗೆ ತುಂಬ್ತಾನೆ. ಮೇಲಿನ ಕೇರಿ ತಂಕ ಬುಡು ಮಗಾ."

ಇದು ಈ ಊರಿನ ಪದ್ಧತಿ. ಜಿಪ್ಸಿಗೆ ಕೈ ಅಡ್ಡ ಹಿಡಿಯುವುದೂ ಇಲ್ಲ, ಕೇಳುವುದೂ ಇಲ್ಲ. ನಿಂತರೆ ಹತ್ತುವುದು.

ಇನ್ನೂರು ಮೀಟರ್ ಮುಂದೆ ಜವರಯ್ಯ ಎರಡು ಮೂಟೆ ಗೊಬ್ಬರದೊಂದಿಗೆ ಕಾಯುತ್ತಿದ್ದ. ಮೂಟೆ ಹಿಂದೆ ಎಸೆದು, ತಾಯಮ್ಮನ ಎದುರಿನ ಬೆಂಚಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡ.

"ಸಾಮೀ, ಇದು ದಿಣ್ಣೆ ಹತ್ತಲ್ಲ" ಎಂದ. ಜಿಪ್ಸಿ ಆಗ ದಿಣ್ಣೆ ಹತ್ತುತ್ತಿತ್ತು. "ಹತ್ತಿದ್ರೂ ಮನಸ್ಸಿಲ್ಲದ ಮನಸ್ಸಲ್ಲಿ ಹತ್ತತೆ. ಪೆಟ್ರೋಲಂತೂ ಮದುವೆ ಮನೇಲಿ ಪಾಯಸ ಕುಡ್ದಂಗೆ ಕುಡೀತದೆ. ಎ.ಸಿ. ಇಲ್ಲ. ಮೆತ್ತಗೆ ಕೂರೋಣ ಅಂದ್ರೆ ಸೀಟಿಲ್ಲ. ಈ ಹಿಂದಿನ ಬೆಂಚು ನೋಡಿ, ಪೊಲೀಸ್ ಸ್ಟೇಷನ್ನಲ್ಲೂ ಇದಕ್ಕಿಂತ ಚೆನ್ನಾಗಿರೋದು ಹಾಕಿರ್ತಾರೆ."

ಜವರಯ್ಯನಿಗೆ ಲಹರಿ ಬಂದಿತ್ತು. ಮೃತ್ಯುಂಜಯನಿಗೆ ಖುಷಿಯ ಜೊತೆಗೇ ಎಲ್ಲೋ ಸಣ್ಣಗೆ ಚುಚ್ಚಿತು. ಇಷ್ಟೆಲ್ಲ ಹೇಳಬೇಕಿತ್ತೇ?

ರೇವಂತ್ ಕೇಳಿಕೊಂಡು, ನಿಧಾನವಾಗಿ ತಲೆಯಾಡಿಸಿ, "ಅಂದ್ರೆ ಹಳೇ ಡಬ್ಬ ಅನ್ನಿ" ಎಂದ.

ಜವರಯ್ಯ ಬೆಂಚಿನಿಂದ ಮುಂದಕ್ಕೆ ಬಾಗಿದ.

"ಏನಂದ್ರಿ?" ಎಂದ ಜವರಯ್ಯ.

"ಅಲ್ಲ, ನೀವೇ..."

"ನಾನು ಅಂತೀನಿ. ನಮ್ದು, ಅಂತೀವಿ. ನೀವ್ಯಾರ್ರೀ ಡಬ್ಬ ಅನ್ನಕ್ಕೆ?" ಜವರಯ್ಯನ ಮುಖ ಕೆಂಪೇರಿತು. "ನನ್ನ ಮಗಳು ಬಿಂದುಶ್ರೀ ಗಂಡು ಹೆತ್ತಿದ್ದು ಇದೇ ಬೆಂಚಿನ ಮೇಲೆ! ಆಲೂರು ಆಸ್ಪತ್ರೆಗೆ ಅಂತ ಹೊರ್ಟಿದ್ವಿ, ಮಟಮಟ ಮಧ್ಯಾಹ್ನ. ಮಳೆಗೆ ಕುಂದೂರಿನ ರಸ್ತೇಲಿ ಮೊಣಕಾಲುದ್ದ ಕೆಸರು. ಬಸ್ಸು ನಿಂತ್ಬುಟ್ಟಿತ್ತು, ಲಾರಿ ನಿಂತ್ಬುಟ್ಟಿತ್ತು. ಇದು ನಿಲ್ಲಲಿಲ್ಲ. ಆ ಹೈದ ಈಗ ಐದ್ನೇ ಕ್ಲಾಸು. ಡಬ್ಬವಂತೆ ಡಬ್ಬ!"

"ಜವರಯ್ಯಾ" ಎಂದ ಮೃತ್ಯುಂಜಯ, ಎಚ್ಚರಿಕೆಯ ದನಿಯಲ್ಲಿ.

"ನೀನು ಸುಮ್ನಿರು ಮಾರಾಯ! ಬಯ್ಯಿ ಅಂತ ಹೇಳ್ದೋನು ನೀನೇ. ನನ್ನ ಕೈಲಾಗಲ್ಲ."

ಮೃತ್ಯುಂಜಯನ ಕಿವಿ ಬಿಸಿಯಾಯಿತು. ರೇವಂತ್ ಅವನ ಕಡೆ ತಿರುಗಿ ನೋಡಿದ. ಹಿಂದಿನಿಂದ ತಾಯಮ್ಮ, ತಮ್ಮ ಯಜಮಾನರಿಗೆ ಎದೆನೋವು ಬಂದಾಗ ಇದೇ ಗಾಡಿ ಹಾಸನ ಮುಟ್ಟಿಸಿದ್ದನ್ನು, ಅವರು ಆಮೇಲೆ ಎಂಟು ವರ್ಷ ಬದುಕಿ ಅಷ್ಟೂ ವರ್ಷ ತಮ್ಮ ಅಡುಗೆಗೆ ಹೆಸರಿಟ್ಟಿದ್ದನ್ನು ವಿವರವಾಗಿ ಹೇಳತೊಡಗಿದರು.

ದಿಣ್ಣೆಯ ನೆತ್ತಿಗೆ ಬಂದಾಗ ಮೃತ್ಯುಂಜಯ ಅಭ್ಯಾಸಬಲದಿಂದ ಎಂಜಿನ್ ನಿಲ್ಲಿಸಿದ. ಅಲ್ಲಿ ಅವನು ಯಾವಾಗಲೂ ನಿಲ್ಲಿಸುತ್ತಾನೆ.

ಕಾಫಿ ಅರಳಿಸುವ ಹೂಮಳೆ ಬಿದ್ದು ಅವತ್ತಿಗೆ ಒಂಬತ್ತು ದಿನ. ಕೆಳಗಿನ ತೋಟಗಳೆಲ್ಲ ಒಟ್ಟಿಗೆ ಬೆಳ್ಳಗೆ ಅರಳಿದ್ದವು. ಇಡೀ ಕಣಿವೆಗೆ ಯಾರೋ ಸೋಪು ಹಚ್ಚಿ ನೊರೆ ಬಿಟ್ಟು ಹೋದಂತೆ, ತೊಳೆಯುವುದನ್ನು ಮರೆತಂತೆ ಕಾಣುತ್ತಿತ್ತು. ಮಂಜು ಪೂರ್ತಿ ಎದ್ದಿರಲಿಲ್ಲ. ಯಾವುದು ಮಂಜು, ಯಾವುದು ಹೂವು ಎಂದು ಗೆರೆ ಎಳೆಯುವಂತಿರಲಿಲ್ಲ. ಗಾಳಿ ಬೀಸಿದಾಗ ಪರಿಮಳ ಕಿಟಕಿಯಿಂದ ಒಳಗೆ ಬಂದು, ಕೇಳದೆಯೇ ಹತ್ತಿ ಕೂತಿತು. ಎಂಜಿನ್ ತಣಿಯುತ್ತ ಟಿಕ್ ಟಿಕ್ ಅನ್ನುತ್ತಿತ್ತು. ಎಲ್ಲೋ ಲಾಳಿ ಓಡುತ್ತಿರುವ ಹಾಗೆ, ಹಮಾಮತ್ಸುವಿನ ಬಡಗಿ ಕಿಟಕಿಯಾಚೆ ನೋಡುತ್ತ ಕೂತಿರುವ ಹಾಗೆ ಮೃತ್ಯುಂಜಯನಿಗೆ ಅನಿಸಿತು. ಜವರಯ್ಯನೂ ಬೀಡಿ ಹಚ್ಚಲಿಲ್ಲ. ಎಷ್ಟು ಹೊತ್ತಾಯಿತೋ ಯಾರಿಗೂ ಗೊತ್ತಾಗಲಿಲ್ಲ.

ರೇವಂತನೇ ಮೊದಲು ಮಾತಾಡಿದ.

"ನಂಗೆ ಬೇಡ ಸಾರ್."

"ಯಾಕೆ?" ಎಂದ ಮೃತ್ಯುಂಜಯ.

"ಗಾಡಿ ಚಿನ್ನ. ಆದ್ರೆ ನಾನು ತಗೊಂಡು ಹೋದ್ರೆ ಇವರೆಲ್ಲ ಎಲ್ಲಿ ಕೂರ್ತಾರೆ? ನಿಮ್ಮ ಮುಖಾನೂ ನೋಡ್ದೆ. ಹಾಸನದಲ್ಲಿ ಪಾರ್ಕಿಂಗಲ್ಲಿ ನಿಲ್ಸಿ ನಾನೇನು ಮಾಡ್ಲಿ? ಮೇಡಂಗೆ ನಾನೇ ಹೇಳ್ತೀನಿ, ನಂಗೆ ಒಪ್ಪಿಗೆ ಆಗ್ಲಿಲ್ಲ ಅಂತ. ನಿಮ್ಮ ಹೆಸರು ತರಲ್ಲ."

ಮೃತ್ಯುಂಜಯನಿಗೆ ಆ ಬಿಳಿ ಬೂಟುಗಳಿಗೆ ನಮಸ್ಕಾರ ಮಾಡಬೇಕೆನಿಸಿತು. ಕನ್ನಡಿಯಲ್ಲಿ ಹಿಂದೆ ನೋಡಿದ. ಜವರಯ್ಯ ಏನೋ ಹೇಳಲು ಬಾಯಿ ತೆರೆದಿದ್ದ. ತಾಯಮ್ಮ ಅವನ ತೋಳು ಚಿವುಟಿ ಬಾಯಿ ಮುಚ್ಚಿಸಿದರು. ಸಂತೋಷಕ್ಕಿರಬೇಕು ಎಂದುಕೊಂಡ. ಮೇಲಿನ ಕೇರಿಗೆ ಹೋಗಬೇಕಿದ್ದ ತಾಯಮ್ಮ ಅಲ್ಲಿ ಇಳಿಯಲೇ ಇಲ್ಲ ಎಂಬುದೂ ಅವನ ಗಮನಕ್ಕೆ ಬರಲಿಲ್ಲ. ಇಳಿಜಾರಿನಲ್ಲಿ ಜಿಪ್ಸಿ ತಾನೇ ತಾನಾಗಿ ತೇಲಿದಂತಿತ್ತು.

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಅವರು ಮನೆಗೆ ಬಂದಾಗ ಅಂಗಳದಲ್ಲಿ ಹದಿನೈದು ಜನ ನಿಂತಿದ್ದರು. ಎದುರಿಗೆ ಶಾಂತಮಲ್ಲಪ್ಪನವರು, ಕೈಯಲ್ಲಿ ತೆಂಗಿನಕಾಯಿ. ಗಾಡಿ ನಿಂತದ್ದೇ ತಡ ಒಬ್ಬರು ಬಾನೆಟ್ಟಿಗೆ ವಿಭೂತಿ ಹಚ್ಚಿದರು, ಇನ್ನೊಬ್ಬರು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು, ಮತ್ತೊಬ್ಬರು ಹಾರ ಹಾಕಿದರು.

ಸುದ್ದಿ ಆಗಲೇ ಇಲ್ಲಿಗೆ ಮುಟ್ಟಿದೆ, ಗಾಡಿ ಉಳಿದ ಖುಷಿಗೆ ಊರೇ ಪೂಜೆ ಮಾಡುತ್ತಿದೆ ಎಂದು ಮೃತ್ಯುಂಜಯನ ಕಣ್ಣು ತುಂಬಿಬಂತು. ಇಳಿದು ಕೈಜೋಡಿಸಿದ.

ರೇವಂತ್ ಮಾನಸಾಳ ಬಳಿ ಹೋಗಿ, "ಮೇಡಂ, ನಂಗೆ ಅಷ್ಟು ಒಪ್ಪಿಗೆ ಆಗ್ಲಿಲ್ಲ" ಎಂದ.

"ಒಳ್ಳೇದಾಯ್ತು" ಎಂದಳು ಮಾನಸಾ. "ನಾನೇ ಕ್ಷಮೆ ಕೇಳ್ಬೇಕು ಅಂತಿದ್ದೆ. ಮಾರ್ಬುಟ್ಟೆ ಕಣ್ರೀ."

"ಯಾರಿಗೆ?" ಎಂದ ಮೃತ್ಯುಂಜಯ. ಕೈ ಇನ್ನೂ ಮುಗಿದೇ ಇತ್ತು.

"ನಮಗೆ" ಎಂದರು ಶಾಂತಮಲ್ಲಪ್ಪ. "ತಾಯಮ್ಮ ಎಂಟು ಗಂಟೆಗೇ ಫೋನ್ ಮಾಡಿದ್ಲಪ್ಪ, ಗಿರಾಕಿ ಬತ್ತಾ ಅವ್ನೆ, ಗಾಡಿ ಊರು ಬುಟ್ಟು ಹೋಯ್ತದೆ ಅಂತ. ಕೈಕಟ್ಕೊಂಡು ಕೂರಕ್ಕಾಯ್ತದಾ? ಇಪ್ಪತ್ತೊಂದು ಮನೆಯೋರೂ ಸೇರಿ ತಗಂಡ್ವಿ. ಮೇಡಂ ಸೈನ್ ಹಾಕಿ ಕೊಟ್ರು. ಇನ್ಮೇಲೆ ಊರ ಗಾಡಿ."

ಮೃತ್ಯುಂಜಯ ತಾಯಮ್ಮನ ಕಡೆ ತಿರುಗಿದ. "ಅಜ್ಜೀ, ಬೈಯ್ರಿ ಅಂದ್ರೆ..."

"ಬೈದ್ನಲ್ಲ ಮಗಾ" ಎಂದರು ತಾಯಮ್ಮ, ನಿಧಾನವಾಗಿ ಇಳಿಯುತ್ತ. "ಅದೂ ಮಾಡ್ದೆ, ಇದೂ ಮಾಡ್ದೆ. ಒಂದನ್ನೇ ನೆಚ್ಚಿ ಕೂರಕ್ಕಾಯ್ತದಾ?"

"ನಾನಂತೂ ಓಡಿಸ್ತೀನಲ್ಲ?" ಎಂದು ಅವನು ಮೆಲ್ಲಗೆ ಕೇಳಿದ.

ಶಾಂತಮಲ್ಲಪ್ಪ ತಲೆ ಕೆರೆದುಕೊಂಡರು. "ಅದು ಹಿಂಗೆ ಮಾರಾಯ. ಡೇರಿ ವ್ಯಾನ್ ಓಡಿಸ್ತಿದ್ದ ಕುಳ್ಳಯ್ಯನ್ನ ಗೊತ್ತು ಮಾಡಿದ್ದೀವಿ. ನೀನು ದಿಣ್ಣೆ ಮೇಲೆ ನಿಲ್ಸಿ ಸುಮ್ನೆ ಕೂತ್ಬುಡ್ತೀಯ ಅಂತ ಎಲ್ರ ಕಂಪ್ಲೇಂಟು. ಡೇರಿಗೆ, ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋಗ್ಬೇಕಲ್ಲ."

ಮಾನಸಾಳ ಸಣ್ಣ ಕಾರು ಹದಿನೇಳು ದಿನಕ್ಕೆ ಬಂತು. ಅದೂ ಅದೇ ಜಪಾನಿ ಕಂಪನಿಯದೇ. ಮಗ್ಗದ ಚರಿತ್ರೆಯನ್ನು ಮೃತ್ಯುಂಜಯ ಅಂಗಳದಲ್ಲೇ ಶುರುಮಾಡಿದ್ದ. 1909 ಮುಗಿಯುವ ಮೊದಲೇ ಅವಳು ಗೇಟು ದಾಟಿದ್ದಳು.

ಮರುದಿನ ಗುರುವಾರ ಮೃತ್ಯುಂಜಯನಿಗೆ ಕೆ. ಹೊಸಕೋಟೆಯಲ್ಲಿ ಬ್ಯಾಂಕಿನ ಕೆಲಸವಿತ್ತು. ಪರೀಕ್ಷೆಯ ಕೆಲಸವೆಂದು ಮಾನಸಾ ಏಳಕ್ಕೇ ಹೋಗಿದ್ದಳು. ಅವನು ಏಳೂವರೆಯ ಬಸ್ಸು ಹತ್ತಿದ. ಸೀಟು ಸಿಗಲಿಲ್ಲ, ಹನ್ನೊಂದು ವರ್ಷ ಮಾನಸಾ ನಿಂತ ಹಾಗೇ ನಿಂತ. ಎರಡನೇ ತಿರುವಿನಲ್ಲಿ ಜಿಪ್ಸಿ ಬಸ್ಸನ್ನು ಹಿಂದೆ ಹಾಕಿ ಹೋಯಿತು. ಅದರ ಮುಂದಿನ ಸೀಟಿನಲ್ಲಿ ತಾಯಮ್ಮ ಕೂತಿದ್ದರು. ಬಸ್ಸು ಹೊಸಕೋಟೆ ತಲುಪಿದಾಗ ಎಂಟು ಗಂಟೆ ಹನ್ನೆರಡು ನಿಮಿಷ.