ಗೋಡೆಯೊಳಗಿನ ಕೇಬಲ್‌ಗೆ ತಕ್ಕಂತೆ ಕೋಣೆ ತಿರುಗಿಸುವ ಬಗ್ಗೆ

ಮನೆ ಚಿತ್ರಮಂದಿರ ವಿಭಾಗ
(ಹಜಾರದ ಎಡಗಡೆ ಕೋಣೆ)

ಸಂಖ್ಯೆ: ಮಚಿವಿ/ಗೋಡೆ/ಕೇಬಲ್/11

ವಿಷಯ: ಗೋಡೆಯೊಳಗಿನ ವಿಡಿಯೊ ಕೇಬಲ್ ಚಿತ್ರ ನೀಡದಿರುವಾಗ ಮನೆಮಂದಿ ಪಾಲಿಸಬೇಕಾದ ಶಿಸ್ತು.

ಉಲ್ಲೇಖ: 1. ಗಾರೆ ಮೆತ್ತುವ ಮುನ್ನ ಎಲೆಕ್ಟ್ರಿಷಿಯನ್ ನೀಡಿದ ಮೌಖಿಕ ಎಚ್ಚರಿಕೆ (ಪರಿಗಣಿಸಿಲ್ಲ).
2. ಊಟದ ಮೇಜಿನಲ್ಲಿ ಮನೆಯೊಡತಿ ತಾಳಿದ ಮೌನ, ಸತತ ಮೂರು ದಿನ.

ಮುಂಗಡೆ ಕಪಾಟಿನ ಪ್ಲೇಯರ್‌ನಿಂದ ಹಿಂಗಡೆ ಸೂರಿನ ಪ್ರೊಜೆಕ್ಟರ್‌ಗೆ ಗೋಡೆಯೊಳಗೆ ಕೇಬಲ್ ಹಾಕಲಾಗಿರುತ್ತದೆ. ಸದರಿ ಕೇಬಲ್‌ನಲ್ಲಿ ಚಿತ್ರ ಒಂದೇ ದಿಕ್ಕಿಗೆ ಹರಿಯುತ್ತದೆ. ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಲಾಗಿದೆ. ಬಾಣ ಈಗ ಕಪಾಟಿನತ್ತ ಇದೆ. ಗಾರೆ, ಎರಡು ಕೋಟ್ ಬಣ್ಣ ಮುಗಿದು ಹನ್ನೊಂದು ವಾರ ಕಳೆದಿದ್ದು, ಚಿತ್ರ ಬಂದಿರುವುದಿಲ್ಲ. ಆದ್ದರಿಂದ ಈ ಕೆಳಕಂಡಂತೆ ಆದೇಶಿಸಿದೆ.

1. ಕೇಬಲ್ 'ಕೆಟ್ಟಿದೆ' ಎನ್ನತಕ್ಕದ್ದಲ್ಲ. 'ಪರಿಶೀಲನೆಯಲ್ಲಿದೆ' ಎನ್ನತಕ್ಕದ್ದು.

2. ಗೋಡೆಗೆ ಬಡಿಯುವ ಅಧಿಕಾರ ವಿಭಾಗದ ಮುಖ್ಯಸ್ಥರಿಗೆ ಮಾತ್ರ. ಅಂಗೈಯಿಂದ, ಒಮ್ಮೆಗೆ ಮೂರು ಏಟು. ತಾವು ಬಡಿದಾಗ ಪರದೆಯ ಮೇಲೆ ಏನೋ ಓಡಾಡಿತೆಂಬ ಭಾವಮೈದುನರ ವರದಿಯನ್ನು ವಿಚಾರಣೆಗೆ ಒಳಪಡಿಸಲಾಗಿ, ಅದು ಹಲ್ಲಿ ಎಂದು ದೃಢಪಟ್ಟಿದೆ.

3. "ಸಾರ್, ಬಾಣ ಪ್ರೊಜೆಕ್ಟರ್ ಕಡೆ ಇರ್ಬೇಕು. ಒಂದು ಪೈಪ್ ಒಳಗಾದ್ರೂ ಹಾಕೋಣ, ಬೇಕಾದ್ರೆ ಎಳೆದು ತೆಗೀಬಹುದು" ಎಂಬ ಎಲೆಕ್ಟ್ರಿಷಿಯನ್ ಮಾತನ್ನೂ, "ನಂಗೇ ಪಾಠ ಹೇಳ್ಬೇಡ, ಮೆತ್ತಿಸಯ್ಯ" ಎಂಬ ಮುಖ್ಯಸ್ಥರ ಉತ್ತರವನ್ನೂ ಕಡತದಿಂದ ತೆಗೆಯಲಾಗಿದೆ. ಮಗಳು ಇವೆರಡನ್ನೂ ನೆಂಟರ ಮುಂದೆ ಅಭಿನಯಿಸಿ ತೋರಿಸುವುದನ್ನು ತಕ್ಷಣದಿಂದ ನಿಷೇಧಿಸಲಾಗಿದೆ.

4. ನೆಲದ ಮೇಲೆ ಬೇರೊಂದು ಕೇಬಲ್ ಎಳೆದರಾಯಿತಲ್ಲ ಎಂಬ ಸಲಹೆ ವಿಭಾಗದ ಘನತೆಗೆ ಕುಂದು ತರುವುದರಿಂದ ತಿರಸ್ಕೃತ.

5. ಕೂಲಂಕಷ ಪರಿಶೀಲನೆಯ ನಂತರ, ಕೇಬಲ್ ಸರಿಯಾಗಿಯೇ ಇದ್ದು ಕೋಣೆಯೇ ತಿರುಗುಮುರುಗಾಗಿದೆ ಎಂದು ತೀರ್ಮಾನಿಸಲಾಗಿದೆ. ಅದರಂತೆ ಪ್ಲೇಯರನ್ನು ಸೂರಿಗೆ ನೇತುಹಾಕಿ, ಪ್ರೊಜೆಕ್ಟರನ್ನು ಕಪಾಟಿನಲ್ಲಿಟ್ಟು, ಪರದೆಯನ್ನು ಹಿಂಗಡೆ ಬಾಗಿಲಿಗೆ ಅಡ್ಡಲಾಗಿ ಬಿಗಿಯತಕ್ಕದ್ದು. ಪ್ರವೇಶ ಕಿಟಕಿಯಿಂದ. ಹೊರಗೊಂದು, ಒಳಗೊಂದು ಸ್ಟೂಲ್ ಒದಗಿಸಲಾಗುವುದು. ಡಿಸ್ಕ್ ಬದಲಿಸುವವರು ಏಣಿ ತಾವೇ ತರತಕ್ಕದ್ದು.

6. ಮುಖ್ಯಸ್ಥರ ತಾಯಿಯವರು ಕಿಟಕಿ ಹತ್ತಲಾರರೆಂದು ಮನೆಯೊಡತಿ ಆಕ್ಷೇಪಣೆ ಸಲ್ಲಿಸಿರುತ್ತಾರೆ. ತಾಯಿಯವರ ದೃಷ್ಟಿ ವಾರದಿಂದ ವಾರಕ್ಕೆ ಮಂಕಾಗುತ್ತಿದ್ದು, ಇನ್ನೆಷ್ಟು ದಿನ ಕಣ್ಣು ಕಾಣುವುದೆಂದು ಹೇಳಲಾಗದು ಎಂದು ಕಣ್ಣಿನ ವೈದ್ಯರು ತಿಳಿಸಿರುತ್ತಾರೆ. ತೀರಿಹೋದ ತಮ್ಮ ಯಜಮಾನರಿರುವ ಆರು ನಿಮಿಷದ ವಿಡಿಯೊವನ್ನು ತಾಯಿಯವರು ದೊಡ್ಡ ಪರದೆಯಲ್ಲಿ ನೋಡಲೆಂದೇ ಈ ಕೋಣೆ ಮಂಜೂರಾಗಿತ್ತು. ಸದ್ಯ ಅವರು ಅದನ್ನು ಮೊಮ್ಮಗಳ ಫೋನಿನಲ್ಲಿ ನೋಡುತ್ತಿದ್ದು, ನಿನ್ನೆ "ನಿಮ್ಮ ತಾತ ಎಲ್ಲಿದಾರೆ ಪುಟ್ಟಿ, ನಗ್ತಿದಾರಾ?" ಎಂದು ವಿಚಾರಿಸಿರುವುದು ವಿಭಾಗದ ಗಮನಕ್ಕೆ ಬಂದಿದೆ. ಈ ಬಗ್ಗೆ ವಿಭಾಗದ ಬಳಿ ಯಾವ ನಿಯಮವೂ ಇರುವುದಿಲ್ಲ.

(ಸಹಿ)
ಮುಖ್ಯಸ್ಥರು,
ಮನೆ ಚಿತ್ರಮಂದಿರ ವಿಭಾಗ

ಪ್ರತಿಗಳು:
1. ಮನೆಯೊಡತಿಯವರಿಗೆ, ಮೌನ ಮುರಿಯುವ ಕೋರಿಕೆಯೊಂದಿಗೆ.
2. ಭಾವಮೈದುನರಿಗೆ, ಹಲ್ಲಿ ವಿಚಾರಣೆಯ ವರದಿ ಸಹಿತ.
3. ಮಗಳಿಗೆ, ಅಭಿನಯಿಸದೆ ಓದಿಕೊಳ್ಳಲು.
4. ಎಲೆಕ್ಟ್ರಿಷಿಯನ್‌ಗೆ (ಗೋಪ್ಯ): ಮೇಲಿನ ಆರೂ ಅಂಶಗಳನ್ನು ಕಡೆಗಣಿಸಿ, ನಾಳೆ ಬೆಳಿಗ್ಗೆಯೇ ಸುತ್ತಿಗೆ, ಉಳಿಯೊಂದಿಗೆ ಹಾಜರಾಗುವುದು. ಗೋಡೆ ಎಷ್ಟು ಬೇಕೋ ಅಷ್ಟು ಒಡೆಯಬಹುದು. ತಪ್ಪು ನನ್ನದೇ. ಅಮ್ಮನಿಗೆ ನಾನೇ ಹೇಳುತ್ತೇನೆ. ಉಳಿದವರಿಗೆ ದಯವಿಟ್ಟು ನೀವು ಹೇಳಬೇಡಿ.