ಪತ್ತೇದಾರಿಣಿಯ ಅಮ್ಮನನ್ನು ಏನು ಮಾಡೋದು?

ಮಗಳು: ಅಲ್ಲಮ್ಮಾ, ಕತ್ತಲಾದ ಮೇಲೆ ಒಬ್ಬಳೇ ಹಳೇ ಗೋದಾಮಿಗೆ ನುಗ್ತಾಳಲ್ಲ, ಈ ಹುಡುಗಿಗೆ ಅಮ್ಮ ಅನ್ನೋಳು ಇದಾಳೋ ಇಲ್ವೋ?

ಅಮ್ಮ: ಇದಾಳೆ. ಊರಿಗೆ ಹೋಗಿದಾಳೆ.

(ಊಟದ ಮೇಜಿನ ತುಂಬ ಅಮ್ಮ ಬರೆಯುತ್ತಿರುವ ಪತ್ತೇದಾರಿ ಕಾದಂಬರಿಯ ಹಾಳೆಗಳು. ಕಥೆಯ ಪತ್ತೇದಾರಿಣಿಗೆ ಹದಿನೈದು ವರ್ಷ. ಓದುತ್ತಿರುವ ಮಗಳಿಗೂ ಅಷ್ಟೇ.)

ಮಗಳು: ಮೂರನೇ ಅಧ್ಯಾಯದಲ್ಲೂ ಊರಿಗೆ ಹೋಗಿದ್ಲು. ಆರನೇದರಲ್ಲಿ ತಲೆನೋವು ಅಂತ ಮಲಗಿದ್ಲು. ಈಗ ಮತ್ತೆ ಊರು. ಇವಳೇನು ಅಮ್ಮನಾ, ಬಸ್ ಕಂಡಕ್ಟರಾ?

ಅಮ್ಮ: ಅವಳು ಮನೇಲಿದ್ರೆ ಕಥೆ ಮುಂದಕ್ಕೇ ಹೋಗಲ್ಲ ಕಣೇ.

ಮಗಳು: ನಾನು ವಾರದಿಂದ ಅದನ್ನೇ ಬಡ್ಕೋತಿರೋದು!

ಅಮ್ಮ: ಬಂದ್ಯಾ ಸುತ್ತಿ ಬಳಸಿ ಅಲ್ಲಿಗೇ? ಈಜು ಸ್ಪರ್ಧೆಗೆ ಪಕ್ಕದೂರಿಗೆ ಒಬ್ಬಳನ್ನೇ ರೈಲಲ್ಲಿ ಕಳಿಸಲ್ಲ ಅಂದ್ರೆ ಕಳಿಸಲ್ಲ.

ಮಗಳು: ಇವಳು ಕಳ್ಳರ ಲಾರಿ ಹಿಂದೆ ಜೋತುಬಿದ್ದು ಹೋಗಬಹುದು. ನಾನು ಹಗಲು ಹೊತ್ತಲ್ಲಿ ರೈಲಲ್ಲಿ ಕೂತ್ಕೊಂಡು ಹೋಗಬಾರದು!

ಅಮ್ಮ: ಅವಳಿಗೇನೂ ಆಗಲ್ಲ. ಅವಳ ಲಾರಿ ಓಡಿಸ್ತಿರೋದು ನಾನು. ನಿನ್ನ ರೈಲು ನಾನು ಓಡಿಸ್ತೀನಾ?

ಮಗಳು: ಹಾಗಾದ್ರೆ ಈ ಅಮ್ಮನ್ನ ಮೊದಲನೇ ಪುಟದಲ್ಲೇ ಮುಗಿಸಿಬಿಡು. ಪದೇ ಪದೇ ಊರಿಗೆ ಕಳಿಸೋ ತಾಪತ್ರಯ ಇರಲ್ಲ.

ಅಮ್ಮ: ಅವಳೇನು ಪಾಪ ಮಾಡಿದಾಳೆ? ಮುಗಿಸೋದೇ ಆದ್ರೆ ಅಪ್ಪನ್ನ ಮುಗಿಸೋಣ.

(ಖಾಲಿ ಬಕೆಟ್ ಹಿಡಿದು ಒಳಗೆ ಬರುತ್ತಿದ್ದ ಅಪ್ಪ ಬಾಗಿಲಲ್ಲೇ ಕಲ್ಲಾಗುತ್ತಾನೆ.)

ಅಪ್ಪ: ಯಾಕೆ? ಬಟ್ಟೆ ಒಣಹಾಕಿ ಬಂದೆನಲ್ಲ!

ಮಗಳು: ವಿಷ ಹಾಕೋದಾ, ಮೆಟ್ಟಿಲಿಂದ ತಳ್ಳೋದಾ, ಅಮ್ಮಾ?

ಅಪ್ಪ: (ಮೇಜಿನ ಮೇಲಿದ್ದ ತನ್ನ ಚಹಾ ಲೋಟ ಮೂಸಿ ನೋಡಿ) ಇದನ್ನ ಯಾರು ಮಾಡಿದ್ದು?

ಅಮ್ಮ: ಅಯ್ಯೋ, ಕಾದಂಬರಿಯ ಅಪ್ಪ ಕಣ್ರೀ!

ಅಪ್ಪ: ಓ, ಅವನಾ? ಅವನೂ ಬಟ್ಟೆ ಒಣಹಾಕ್ತಾನಾ? ಹಾಗಾದ್ರೆ ಬೇಗ ಮುಗಿಸಿ, ಪಾಪ, ಬಿಡುಗಡೆಯಾಗ್ಲಿ.

ಅಮ್ಮ: (ಪೆನ್ನು ಎತ್ತಿಕೊಂಡು) ಯಾರೂ ಸಾಯೋದು ಬೇಡ. ಅಮ್ಮ ಮನೇಲೇ ಇರ್ಲಿ. ನೀನು ಪತ್ತೇದಾರಿಣಿ, ನಾನು ಅವಳಮ್ಮ. ಏನಾಗುತ್ತೋ ನೋಡೇಬಿಡೋಣ. ಹೂಂ, ಎಲ್ಲಿಗೆ ಹೊರಟೆ?

ಮಗಳು: ಗೋದಾಮಿಗೆ.

ಅಮ್ಮ: ಅಲ್ಲಿ ಯಾರಿರ್ತಾರೆ?

ಮಗಳು: ಕಳ್ಳರು.

ಅಮ್ಮ: ಎಷ್ಟು ಹೊತ್ತಿಗೆ ಬರ್ತೀಯ?

ಮಗಳು: ಅವರು ಸಿಕ್ಕಿದ ತಕ್ಷಣ.

ಅಮ್ಮ: ಸ್ವೆಟರ್ ಹಾಕ್ಕೊಂಡು ಹೋಗು.

(ಮಗಳು ಕುರ್ಚಿಯಿಂದ ಜಿಗಿದೇಳುತ್ತಾಳೆ.)

ಮಗಳು: ‘ಹೋಗು’ ಅಂದೆ!

ಅಮ್ಮ: ಕಥೇಲಿ ಅಂದೆ.

ಅಪ್ಪ: ಬಾಯಲ್ಲಿ ಬಂತು. ನಾನೇ ಸಾಕ್ಷಿ.

ಅಮ್ಮ: (ಹಾಳೆಗಳನ್ನು ಸುಮ್ಮನೆ ಜೋಡಿಸುತ್ತ) ನೀನು ನೀರಿಗೆ ಧುಮುಕಿದಾಗ, ತಲೆ ಮೇಲೆ ಬರೋವರೆಗೂ ನಾನು ಉಸಿರು ಬಿಡಲ್ಲ. ಗೊತ್ತಾ ನಿಂಗೆ?

ಮಗಳು: ಗೊತ್ತಮ್ಮಾ. ಅದಕ್ಕೇ ಬೇಗ ತಲೆ ಎತ್ತೋದು. ಅಲ್ಲೇ ಮೊದಲನೇ ನಂಬರ್ ಕೈತಪ್ಪೋದು.

(ಅಮ್ಮನಿಗೆ ನಗು ತಡೆಯಲಾಗುವುದಿಲ್ಲ.)

ಅಮ್ಮ: ಸರಿ, ಹೋಗು. ಇದು ಕಥೇಲಲ್ಲ. ಇಳಿದ ತಕ್ಷಣ ಫೋನ್ ಮಾಡು.

(ಮಗಳು ಕುಣಿಯುತ್ತ ಬ್ಯಾಗು ತುಂಬಲು ಒಳಗೆ ಓಡುತ್ತಾಳೆ. ಅಮ್ಮ ಅಪ್ಪನ ಕಿವಿಯ ಬಳಿ ಬಾಗುತ್ತಾಳೆ.)

ಅಮ್ಮ: (ಪಿಸುಮಾತಿನಲ್ಲಿ) ನಾನೂ ಅದೇ ರೈಲು, ಕೊನೇ ಬೋಗಿ. ಅವಳಿಗೆ ಸುಳಿವೂ ಸಿಗಬಾರದು.

ಮಗಳು: (ಒಳಗಿನಿಂದ) ಅಮ್ಮಾ, ಆ ಹಸಿರು ಸೀರೆ ಬೇಡ, ಪ್ಲಾಟ್‌ಫಾರ್ಮಿನ ಆ ತುದಿಯಿಂದಲೂ ಕಾಣ್ಸುತ್ತೆ!